ಜನವರಿಯಲ್ಲಿ ಟೆಕ್ಸಾಸ್‌ಗೆ ಬಾಣಂತನಕ್ಕೆ ಹೊರಟಿದ್ದೀನಿ, ಹಿಮ ಬಿದ್ದು ಕರೆಂಟ್ ಹೋದ್ರೆ ಏನ್ ಮಾಡೋದು?

ಅಜ್ಜಿ ಆಗಲಿರುವವಳು, ಸರಸ್ವತಿಪುರಂ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ಟೆಕ್ಸಾಸ್‌ನಲ್ಲಿ, ಆಸ್ಟಿನ್ ಪಕ್ಕದ ಊರಲ್ಲಿದ್ದಾಳೆ. ಜನವರಿ ಕೊನೇ ವಾರಕ್ಕೆ ಡೇಟ್ ಕೊಟ್ಟಿದ್ದಾರೆ. ನಾನೂ ನಮ್ಮನೆಯವರೂ ಸಂಕ್ರಾಂತಿಗೆ ಮುಂಚೇನೇ ಹೊರಡ್ತಿದ್ದೀವಿ, ಈ ಸಲ ಎಳ್ಳು ಬೀರೋದು ಇಲ್ಲ.

ಟೆಕ್ಸಾಸ್ ಅಂದ್ರೆ ರಾಯಚೂರಿನ ಹಾಗೆ ಬಿಸಿಲೂರು ಅಂತಾರೆ. ಹಿಂದೊಮ್ಮೆ ಜೂನ್‌ನಲ್ಲಿ ಹೋಗಿದ್ದಾಗ ನಿಜಕ್ಕೂ ಹಾಗೇ ಇತ್ತು, ಮಧ್ಯಾಹ್ನ ಬರಿಗಾಲಲ್ಲಿ ಅಂಗಳಕ್ಕೆ ಇಳಿಯೋ ಹಾಗಿರಲಿಲ್ಲ. ಆದ್ರೆ 2021ರ ಫೆಬ್ರವರಿಯಲ್ಲಿ ಅದೇ ಊರಲ್ಲಿ ಹಿಮ ಬಿದ್ದು 3 ದಿನ ಕರೆಂಟ್ ಹೋಗಿತ್ತು. ಮಗಳು ಅಳಿಯ ಕಾರಲ್ಲಿ ಕೂತು ಮೈ ಬೆಚ್ಚಗೆ ಮಾಡ್ಕೊಂಡು, ಅಲ್ಲೇ ಫೋನ್ ಚಾರ್ಜ್ ಮಾಡಿ ನನಗೆ ದಿನಕ್ಕೆ ಒಂದು ಮೆಸೇಜ್ ಹಾಕ್ತಿದ್ರು. ಈ ಸಲ ಹಸುಗೂಸು ಬೇರೆ ಇರುತ್ತೆ.

ಇಲ್ಲಿಂದ ಏನು ತಗೊಂಡು ಹೋಗಬೇಕು? ಇಲ್ಲೀವರೆಗೆ ಕಟ್ಟಿರೋದು: ಕುಲಾವಿ 4, ಉಣ್ಣೆ ಶಾಲು 2, ನಮ್ಮತ್ತೆ ಕಾಲದ ಒಂದು ಕರಿ ಕಂಬಳಿ, ಬಾಣಂತಿ ಲೇಹ್ಯ, ಸಾಂಬ್ರಾಣಿ, ಒಂದು ಪುಟ್ಟ ಮಣ್ಣಿನ ಅಗ್ಗಿಷ್ಟಿಕೆ. ಇದ್ದಿಲು ಅಲ್ಲೇ ಮೂಟೆಗಟ್ಟಲೆ ಸಿಗುತ್ತಂತೆ. ಕರೆಂಟ್ ಹೋದ್ರೂ ಕೆಂಡ ಇದ್ರೆ ಮಗೂನ ಬೆಚ್ಚಗಿಡಬಹುದು ಅಂತ ನನ್ನ ಲೆಕ್ಕ.

ಕುಕ್ಕರಹಳ್ಳಿ ಸುತ್ತುವವ

ಅಮ್ಮಾ, ಮೊದಲು ಒಂದು ಎಚ್ಚರಿಕೆ. ಅಲ್ಲಿ ಫ್ಯಾರನ್‌ಹೀಟ್ ಲೆಕ್ಕ. ಮಗಳು "ನಾಳೆ 20 ಡಿಗ್ರಿ" ಅಂದ್ರೆ ನಮ್ಮೂರ ಸಂಜೆ ತಂಗಾಳಿ ಅಂದುಕೋಬೇಡಿ. ಅದು ನಮ್ಮ ಲೆಕ್ಕದಲ್ಲಿ ಮೈನಸ್ 6ಕ್ಕೂ ಕೆಳಗೆ. ಅವರ 32 ಅಂದ್ರೆ ನಮ್ಮ ಸೊನ್ನೆ. ಇದೊಂದು ಸಂಖ್ಯೆ ಬಾಯಿಪಾಠ ಮಾಡ್ಕೊಳ್ಳಿ.

ನಾವು ಎಂಥ ಚಳಿ ಕಂಡ ಜನ ಅನ್ನೋದೂ ಗೊತ್ತಿರಲಿ. ಮೈಸೂರಿನ ದಾಖಲೆ ಚಳಿ 2012ರ ಜನವರಿಯ 7.7 ಡಿಗ್ರಿ. ಬೆಂಗಳೂರಿಂದು 1884ರ ಜನವರಿ 13ರ 7.8. ನಮ್ಮ ಫ್ರಿಜ್ಜಿನ ಒಳಗೆ ಇದಕ್ಕಿಂತ ಚಳಿ ಇರುತ್ತೆ! ಹಿಮ ಹತ್ತಿರದಿಂದ ನೋಡಬೇಕು ಅಂದ್ರೆ ನಮಗೆ ಆಲಿಕಲ್ಲೇ ಗತಿ. ಶನಿವಾರಸಂತೆ ಕಡೆ ಆಲಿಕಲ್ಲು ಬಿದ್ದು ನೆಲ ಬೆಳ್ಳಗಾದ ವಿಡಿಯೋಗೆ "ಕೊಡಗಲ್ಲಿ ಹಿಮಪಾತ" ಅಂತ ಹೆಸರು ಕೊಟ್ಟು ಕಳಿಸ್ತಾರೆ. ಅದು ಹಿಮ ಅಲ್ಲ. ಊಟಿಯಲ್ಲಿ ಬೆಳಿಗ್ಗೆ ಹುಲ್ಲಿನ ಮೇಲೆ ಬೆಳ್ಳಗೆ ಕಾಣೋದೂ ಹಿಮ ಅಲ್ಲ, ಹೆಪ್ಪುಗಟ್ಟಿದ ಇಬ್ಬನಿ. ನಮ್ಮ ಭಾಷೆಯಲ್ಲೇ ನೋಡಿ, ಕೆರೆ ಮೇಲೆ ತೇಲೋದನ್ನೂ ಮಂಜು ಅಂತೀವಿ, ಹಿಮಾಲಯದಲ್ಲಿ ಬೀಳೋದನ್ನೂ ಮಂಜು ಅಂತೀವಿ. ಬೇರೆ ಬೇರೆ ಹೆಸರು ಇಡೋ ದರ್ದು ನಮಗೆ ಬಂದೇ ಇಲ್ಲ.

ಒಂಟಿಕೊಪ್ಪಲ್ ಹುಡುಗ, ಈಗ ಆಸ್ಟಿನ್

ಆಂಟಿ, ನಾನು 2021ರಲ್ಲಿ ಇಲ್ಲೇ ಇದ್ದೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಂದಿಟ್ಕೊಂಡು ಓದಿ.

ಭಾನುವಾರ ರಾತ್ರಿ ಹಿಮ ಶುರುವಾಯ್ತು. ನಾವೆಲ್ಲ ಹೊರಗೆ ಓಡಿ ಫೋಟೋ ತೆಗೆಸ್ಕೊಂಡ್ವಿ, ನಾನು ಲುಂಗಿಯಲ್ಲೇ ಇದ್ದೆ. ಬೆಳಗಿನ ಜಾವ 2 ಗಂಟೆ ಹೊತ್ತಿಗೆ ಕರೆಂಟ್ ಹೋಯ್ತು. ಅರ್ಧ ಗಂಟೆಯಲ್ಲಿ ಬರುತ್ತೆ ಅಂದುಕೊಂಡ್ವಿ, ನಮಗೆ ಲೋಡ್ ಶೆಡ್ಡಿಂಗ್ ಹೊಸದಾ? ಬರಲೇ ಇಲ್ಲ. ಹೊರಗೆ ಮೈನಸ್ 13ಕ್ಕೂ ಕೆಳಗಿತ್ತು. ಎರಡನೇ ದಿನ ಬೆಳಿಗ್ಗೆ ಅಡುಗೆಮನೆ ಕಟ್ಟೆ ಮೇಲಿದ್ದ ಕೊಬ್ಬರಿ ಎಣ್ಣೆ ಕಲ್ಲಿನ ಹಾಗಾಗಿತ್ತು, ಅದು ಬಿಡಿ, ಮೈಸೂರಲ್ಲೂ ಗಟ್ಟಿಯಾಗುತ್ತೆ. ಆದ್ರೆ ಹಿತ್ತಿಲ ಬಾಗಿಲ ಹತ್ತಿರ ನಾಯಿಗೆ ಇಟ್ಟಿದ್ದ ನೀರೂ ಗಟ್ಟಿಯಾಗಿತ್ತು, ಮನೆ ಒಳಗೆ. ಆಗ ಹೆದರಿಕೆ ಆಯ್ತು.

ಯಾಕೆ ಹಾಗಾಯ್ತು ಅಂದ್ರೆ, ಟೆಕ್ಸಾಸ್‌ಗೆ ಹೆಚ್ಚುಕಮ್ಮಿ ಅದರದ್ದೇ ಪ್ರತ್ಯೇಕ ಗ್ರಿಡ್, ಅಂದ್ರೆ ಕರೆಂಟ್ ಹಂಚೋ ಜಾಲ. ಪಕ್ಕದ ರಾಜ್ಯಗಳಿಂದ ಬೇಕಾದಷ್ಟು ಕರೆಂಟ್ ಎಳ್ಕೊಳ್ಳೋಕೆ ಆಗಲ್ಲ. ಇಡೀ ರಾಜ್ಯ ಹೀಟರ್ ಹಾಕಿದ ಹೊತ್ತಿಗೇ ಗ್ಯಾಸ್ ಬಾವಿಗಳು, ಕೊಳವೆಗಳು, ಸ್ಥಾವರದ ಉಪಕರಣಗಳು ಹೆಪ್ಪುಗಟ್ಟಿದವು. ಗಾಳಿಯಂತ್ರಗಳೂ ನಿಂತವು, ಆದ್ರೆ ದೊಡ್ಡ ಪೆಟ್ಟು ಗ್ಯಾಸಿಂದ. ಗ್ರಿಡ್ ಪೂರ್ತಿ ಕುಸಿಯೋಕೆ 4 ನಿಮಿಷ 37 ಸೆಕೆಂಡ್ ಬಾಕಿ ಇತ್ತು ಅಂತ ಆಮೇಲೆ ಗ್ರಿಡ್ ನಡೆಸೋರೇ ಹೇಳಿದ್ರು. 45 ಲಕ್ಷಕ್ಕೂ ಹೆಚ್ಚು ಮನೆಗೆ ಕತ್ತಲೆ. ಸತ್ತವರು ಸರ್ಕಾರದ ಲೆಕ್ಕದಲ್ಲೇ 246. ಅವರಲ್ಲಿ ಹೆಚ್ಚಿನವರು ಮೈ ತಣ್ಣಗಾಗಿ ಹೋದವರು, ಎಷ್ಟೋ ಜನ ಅವರವರ ಮನೆಯಲ್ಲೇ.

ಉತ್ತರದ ಮಿನ್ನೆಸೋಟಾ ರಾಜ್ಯದಲ್ಲಿ ಇದಕ್ಕಿಂತ ಹೆಚ್ಚು ಚಳಿಗೆ ಶಾಲೆ ನಡೆಯುತ್ತೆ. ಇಲ್ಲಿನ ಮನೆ ಕಟ್ಟಿರೋದು ಬೇಸಿಗೆ ತಡೆಯೋಕೆ. ನೀರಿನ ಪೈಪ್ ಹೊರಗೋಡೆಯಲ್ಲಿ, ಇಲ್ಲಾಂದ್ರೆ ಅಟ್ಟದಲ್ಲಿ. ಕರೆಂಟ್ ನಿಂತ್ರೆ ಎಷ್ಟೋ ಮನೇಲಿ ಬಿಸಿ, ನೀರು, ಒಲೆ ಮೂರೂ ಒಟ್ಟಿಗೆ ಹೋಗುತ್ತೆ.

ನಾವು ಬದುಕಿದ ರೀತಿ: ಮೂರು ಮನೆಯವರು ಒಂದೇ ಮನೆಗೆ ಸೇರಿದ್ವಿ. ಸಣ್ಣ ಕೋಣೆ ಒಂದನ್ನ ಆರಿಸಿ, ಬಾಗಿಲ ಸಂದಿಗೆ ಟವೆಲ್ ತುರುಕಿ, ಕಿಟಕಿಗೆ ಬೆಡ್‌ಶೀಟ್ ಹೊಡೆದು, ನೆಲಕ್ಕೆ ರಟ್ಟು, ಮೇಲೆ ಹಾಸಿಗೆ. 9 ಜನ, ಒಂದು ನಾಯಿ. ಮೈ ಶಾಖಕ್ಕೇ ಕೋಣೆ ತಕ್ಕಮಟ್ಟಿಗೆ ಬೆಚ್ಚಗಿತ್ತು. ಒಂದು ದಪ್ಪ ಸ್ವೆಟರ್‌ಗಿಂತ ತೆಳು ಬಟ್ಟೆ ಮೂರು ಪದರ ಮೇಲು. ಹತ್ತಿ ಬನಿಯನ್ ಬೆವೆತು ಒದ್ದೆಯಾದ್ರೆ ಶತ್ರು, ಉಣ್ಣೆ ಒದ್ದೆಯಾದ್ರೂ ಸ್ವಲ್ಪ ಶಾಖ ಹಿಡ್ಕೊಳ್ಳುತ್ತೆ. ನಿಮ್ಮ ಅತ್ತೆಯವರ ಕಂಬಳಿ ಖಂಡಿತ ತನ್ನಿ.

ಮೂರನೇ ದಿನ ಊರಿಗೆಲ್ಲ ನೀರು ಕುದಿಸಿ ಕುಡೀರಿ ಅಂತ ಪ್ರಕಟಣೆ ಬಂತು. ಕುದಿಸೋಕೆ ಕರೆಂಟ್ ಎಲ್ಲಿ? ಅಂಗಡಿ ಖಾಲಿ. ಹಿಮ ತುಂಬಿ ಟಾಯ್ಲೆಟ್‌ಗೆ ಸುರಿದ್ವಿ. ಒಂದು ಬಕೆಟ್ ಹಿಮ ಕರಗಿದ್ರೆ ನಾಲ್ಕು ಚೊಂಬು ನೀರೂ ಆಗಲ್ಲ ಅಂತ ಅವತ್ತೇ ಗೊತ್ತಾಗಿದ್ದು.

ನಲ್ಲಿ ಮೇಸ್ತ್ರಿ

ನಾನು ಅಮೆರಿಕ ನೋಡಿಲ್ಲ, 20 ವರ್ಷ ಕುವೈತ್‌ನಲ್ಲಿ ಪ್ಲಂಬಿಂಗ್ ಮಾಡಿ ಈಗ ಹೂಟಗಳ್ಳಿಯಲ್ಲಿದ್ದೀನಿ. ಪೈಪ್ ವಿಚಾರ ನಾನು ಹೇಳ್ತೀನಿ.

ನೀರು ಗಡ್ಡೆಯಾದ್ರೆ ಸುಮಾರು 9 ಪರ್ಸೆಂಟ್ ಉಬ್ಬುತ್ತೆ. ಜನ ತಿಳ್ಕೊಂಡಿರೋದು ಗಡ್ಡೆ ಇದ್ದ ಜಾಗದಲ್ಲೇ ಪೈಪ್ ಒಡೆಯುತ್ತೆ ಅಂತ. ಸಾಮಾನ್ಯವಾಗಿ ಹಾಗಾಗಲ್ಲ. ಗಡ್ಡೆ ಬಿರಡೆ ಥರ ಕೂತ್ಕೊಂಡು, ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಹಾಕಿಕೊಂಡ ನೀರಿನ ಒತ್ತಡ ಏರಿ ಅಲ್ಲಿ ಸೀಳುತ್ತೆ. ಅದಕ್ಕೇ ನಲ್ಲಿ ಸಣ್ಣಗೆ ಬಿಟ್ಟಿಡಿ ಅನ್ನೋದು. ನೀರು ಹರಿದ್ರೆ ಗಡ್ಡೆ ಕಟ್ಟೋದು ತಡ, ಕಟ್ಟಿದ್ರೂ ಒತ್ತಡ ಹೊರಗೆ ಹೋಗೋಕೆ ದಾರಿ ಇರುತ್ತೆ. ಹೊರಗೋಡೆ ಕಡೆ ಇರೋ ನಲ್ಲಿ ಮುಖ್ಯ. ಸಿಂಕ್ ಕೆಳಗಿನ ಕಪಾಟಿನ ಬಾಗಿಲು ತೆಗೆದಿಡಿ, ಮನೆ ಶಾಖ ಪೈಪಿಗೆ ತಗುಲಲಿ. ಅಂಗಳದ ನಲ್ಲಿಗೆ ಹಳೇ ಟವೆಲ್ ಸುತ್ತಿ ಮೇಲೆ ಪ್ಲಾಸ್ಟಿಕ್ ಕಟ್ಟಿ. ಗಡ್ಡೆ ಕಟ್ಟಿದ್ರೆ ಹೇರ್ ಡ್ರೈಯರ್ ಹಿಡೀರಿ, ನಲ್ಲಿ ತುದಿಯಿಂದ ಶುರು ಮಾಡಿ ಹಿಂದಕ್ಕೆ ಹೋಗಿ, ನಲ್ಲಿ ತೆಗೆದೇ ಇರಲಿ. ಬೆಂಕಿ ಹಿಡೀಬೇಡಿ.

ಎಲ್ಲಕ್ಕಿಂತ ಮೊದಲು ಮನೆಗೆ ಬರೋ ನೀರಿನ ಮೇನ್ ವಾಲ್ವ್ ಎಲ್ಲಿದೆ ಅಂತ ಮಗಳನ್ನ ಕೇಳಿ. ಪೈಪ್ ಒಡೆದಾಗ ಹುಡುಕೋಕೆ ಹೋದ್ರೆ ಅಷ್ಟರಲ್ಲಿ ಅಟ್ಟದ ನೀರೆಲ್ಲ ಹಾಲ್‌ಗೆ ಬಂದಿರುತ್ತೆ.

ಇನ್ನು ನಮ್ಮೂರ ತಾರಸಿ ಮೇಲೆ ಬಿಸಿಲಿಗೆ ಬಿಟ್ಟ ಕಪ್ಪು ಟ್ಯಾಂಕು, ಗೋಡೆ ಹೊರಗೆ ಇಳಿಬಿಟ್ಟ ಪೈಪು, ಸೋಲಾರ್ ಫಲಕ ನೋಡ್ತೀನಲ್ಲ, ಇಲ್ಲಿ ಒಂದೇ ಒಂದು ರಾತ್ರಿ ಮೈನಸ್ 5 ಬಂದ್ರೆ ನನಗೆ ಹತ್ತು ವರ್ಷಕ್ಕಾಗೋಷ್ಟು ಕೆಲಸ.

ರೇಷ್ಮೆ ಗೂಡು, ಮದ್ದೂರ್ ತಾವ

ಅಕ್ಕಾ, ನಂಗೆ ಅಮೇರಿಕ ಗೊತ್ತಿಲ್ಲ, ಇದ್ದುಲು ಗೊತ್ತು ಕನಕ್ಕ. ಅದ್ಕೇ ಬರೀತಾ ಇವ್ನಿ.

ನಮ್ದು ಹುಳ ಸಾಕೋ ಮನೆ. ಚಾಕಿ ಮರಿಗೆ 26ರಿಂದ 28 ಡಿಗ್ರಿ ಬೇಕು, ದೊಡ್ಡ ಹುಳೀಕೆ 24, 25. ಮಾಗಿ ಚಳೀಲಿ 20ಕ್ಕಿಂತ ಕೆಳಿಕೆ ಬಂತು ಅಂದ್ರೆ ಹುಳ ಸೊಪ್ಪು ಮೇಯದೇ ನಿಧಾನ ಆಯ್ತದೆ, ಜ್ವರದಿಂದ (ಪೊರೆ ಬುಡಕ್ಕೆ ಮಲಗ್ತವಲ್ಲ, ಅದ್ಕೆ ಜ್ವರ ಅಂತೀವಿ) ಏಳದು ತಡ, ಗೂಡು ಹಗುರ. ಅದ್ಕೆ ಎಲ್ರೂ ಇದ್ದುಲೊಲೆ ಮಡಗ್ತಾರೆ. ಒಂದ್ಸತಿ ಕಾರ್ತೀಕ ಕಳುದ್ ಮೇಲೆ ನಾಕ್ನೇ ಜ್ವರದಲ್ಲಿದ್ವು ಹುಳ. ನಾನೂ ನಮ್ಮನೇವ್ಳೂ ಒಲೆ ಒಳಿಕೆ ಮಡಿಕಂಡು, ಗಾಳಿ ಬತ್ತದೆ ಅಂತ ಕಿಟ್ಕಿಗೆಲ್ಲ ಗೋಣಿತಾಟು ಹೊಡ್ದು ಅಲ್ಲೇ ಮಲಿಕಂಡ್ವಿ. ಹೊಗೆ ಒಂಚೂರೂ ಇರ್ನಿಲ್ಲ, ಕೆಂಡ ನಿಗಿನಿಗಿ. ನಡುರಾತ್ರೀಲಿ ನಂಗೆ ತಲೆ ಸಿಡ್ದೋಗಂಗೆ ನೋವು. ಎದ್ದೇಳವ ಅಂದ್ರೆ ಕಾಲು ನಂದಲ್ಲ ಅನ್ನಂಗೆ. ಅವ್ಳು ಕೂಗುದ್ರೆ ಓ ಅನ್ನಿಲ್ಲ. ನಮ್ಮಪ್ಪ ದನೀಗ್ ಹುಲ್ಲಾಕಕ್ಕೆ ಎದ್ದೋರು ಬಾಗ್ಲು ತಟ್ಟಿ, ಉತ್ರ ಬರ್ನಿಲ್ಲ ಅಂತ ಒದ್ದು ತಗುದ್ರು. ಹೊರಿಕ್ ಎಳ್ದಾಕುದ್ ಮೇಲೆ ಇಬ್ರೂ ವಾಂತಿ. ಬೆಳುಗ್ಗೆ ತಂಕ ನಮ್ಮಪ್ಪ ಒಂದ್ ಮಾತೂ ಆಡ್ನಿಲ್ಲ, ಗೋಣಿತಾಟು ಒಂದೊಂದೇ ಕಿತ್ತಾಕ್ತಾ ಇದ್ರು.

ಈಗ ಕರೆಂಟ್ ಹೀಟರ್ ಹಾಕಿವ್ನಿ. ಬಿಲ್ ಬತ್ತದೆ, ಬರ್ಲಿ. ನೀವು ಆ ಅಗ್ಗಿಷ್ಟಿಕೆ ಇಲ್ಲೇ ಬುಟ್ಟೋಗಿ.

ರಾತ್ರಿ ಪಾಳಿ ಡಾಕ್ಟ್ರಮ್ಮ

ಮದ್ದೂರಿನವರು ನನ್ನ ಕೆಲಸ ಅರ್ಧ ಮುಗಿಸಿದ್ದಾರೆ. ಅದು ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನ ಹಿಡ್ಕೊಳ್ಳುತ್ತೆ. ಹೊಗೆಯಿಲ್ಲದ ಕೆಂಡ ಸುರಕ್ಷಿತ ಅನ್ನೋದು ನಮ್ಮಲ್ಲಿ ಬೇರೂರಿದ ನಂಬಿಕೆ, ಆದ್ರೆ ನಿಗಿನಿಗಿ ಕೆಂಡದಿಂದಲೇ ಇದು ಧಾರಾಳವಾಗಿ ಬರೋದು. ನಮ್ಮ ಹಳೇ ಮನೆಗಳಲ್ಲಿ ಹೆಂಚಿನ ಸಂದಿ, ಬೆಳಕಿಂಡಿ, ಮುಚ್ಚದ ಬಾಗಿಲು ಇದ್ದುದ್ದಕ್ಕೆ ಸಾಂಬ್ರಾಣಿ ಹಾಕಿಸಿಕೊಂಡ ಮಕ್ಕಳು ಉಳಿದವು. ಚಳಿಗೆ ಸಂದಿಯೆಲ್ಲ ಮುಚ್ಚಿದ ಅಮೆರಿಕದ ಕೋಣೆ ಅಂಥದ್ದಲ್ಲ. ಗಾಳಿ ಆಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿ ಸ್ನಾನಕ್ಕೆ ಹೋದವರನ್ನ ಎತ್ತಿಕೊಂಡು ಬರ್ತಾರಲ್ಲ, ಅದೂ ಇದೇ.

ತಲೆನೋವು, ತಲೆಸುತ್ತು, ವಾಂತಿ ಬರೋ ಹಾಗಾಗೋದು ಲಕ್ಷಣ. ಫ್ಲೂ ಅಂದುಕೊಂಡು ಮಲಗಿಬಿಡ್ತಾರೆ. ಮನೆಯಲ್ಲಿದ್ದ ಎಲ್ಲರಿಗೂ ಒಟ್ಟಿಗೆ ಶುರುವಾಗಿ, ಹೊರಗೆ ಬಂದ್ರೆ ಕಡಿಮೆ ಆದ್ರೆ ಇದೇ ಅಂತ ತಿಳೀರಿ. ಕೋವಿಡ್ ಕಾಲದಲ್ಲಿ ಎಲ್ಲರೂ ಕೊಂಡ ಬೆರಳಿನ ಆಕ್ಸಿಮೀಟರ್ ನಂಬಬೇಡಿ, ಇದರಲ್ಲಿ ಅದು 98 ಅಂತಲೇ ತೋರಿಸಬಹುದು.

ನಿಮ್ಮ ಮೊದಲ ಪೋಸ್ಟ್‌ನಲ್ಲಿ ಒಂದು ಮಾತಿದೆ, ಮಗಳು ಅಳಿಯ ಕಾರಲ್ಲಿ ಕೂತಿದ್ರು ಅಂತ. ಕಾರು ಎಲ್ಲಿತ್ತು?

ಅಜ್ಜಿ ಆಗಲಿರುವವಳು, ಸರಸ್ವತಿಪುರಂ

ಗ್ಯಾರೇಜಲ್ಲೇ. ಹೊರಗೆ ಹಿಮ ಇತ್ತಲ್ಲ.

ರಾತ್ರಿ ಪಾಳಿ ಡಾಕ್ಟ್ರಮ್ಮ

ಎಂಜಿನ್ ಓಡ್ತಿತ್ತಾ? ಬಾಗಿಲು?

ಅಜ್ಜಿ ಆಗಲಿರುವವಳು, ಸರಸ್ವತಿಪುರಂ

ಈಗ ಫೋನ್ ಮಾಡಿ ಕೇಳಿದೆ. ಎಂಜಿನ್ ಓಡ್ತಿತ್ತಂತೆ. ಗ್ಯಾರೇಜಿನ ಬಾಗಿಲು ಕರೆಂಟಿಂದ ಏಳೋದು, ಕೈಯಲ್ಲಿ ಎತ್ತಿ ಮೊಣಕಾಲೆತ್ತರಕ್ಕೆ ತೆಗೆದಿದ್ರಂತೆ. ಅವತ್ತು ಅಳಿಯನಿಗೆ ವಿಪರೀತ ತಲೆನೋವು ಬಂದು, ಕಾಫಿ ಇಲ್ಲದ್ದಕ್ಕೆ ಇರಬೇಕು ಅಂತ ಒಳಗೆ ಬಂದು ಮಲಗಿದ್ರಂತೆ. ಇಷ್ಟು ವರ್ಷ ಇದನ್ನ ನನಗೆ ಹೇಳೇ ಇರಲಿಲ್ಲ. ಅವಳಿಗೂ ಇದು ಹೇಳುವಂಥ ವಿಷಯ ಅಂತ ಗೊತ್ತಿರಲಿಲ್ಲ.

ರಾತ್ರಿ ಪಾಳಿ ಡಾಕ್ಟ್ರಮ್ಮ

ಬಾಗಿಲು ತೆಗೆದಿದ್ರೂ ಗ್ಯಾರೇಜಲ್ಲಿ ಎಂಜಿನ್ ಓಡಿಸಬಾರದು. ಕಾರನ್ನ ಹೊರಗೆ ತಂದು, ಹೊಗೆ ಕೊಳವೆ ಮುಂದಿನ ಹಿಮ ಬಾಚಿ, ಆಮೇಲೆ ಕೂರಬೇಕು. ಜನರೇಟರ್ ಇದ್ರೆ ಅದೂ ಮನೆಯಿಂದ ದೂರ, ಕಿಟಕಿ ಇಲ್ಲದ ಕಡೆ. ಬಾರ್ಬೆಕ್ಯೂ ಒಲೆ ಎಂಥ ಪರಿಸ್ಥಿತಿಯಲ್ಲೂ ಒಳಗೆ ಬೇಡ. ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಅಲ್ಲಿ ಸುಲಭವಾಗಿ ಸಿಗುತ್ತೆ. ಮಲಗುವ ಕೋಣೆ ಹೊರಗೆ ಒಂದು ಹಾಕಿಸಿ, ಬ್ಯಾಟರಿ ಹೊಸದಾ ನೋಡಿ.

ಅವರೆಕಾಳು ಪ್ರೇಮಿ

ಮಗುಗೆ ಕುಲಾವಿ ಹಾಕಿ ಎರಡು ದುಪ್ಪಟಿ ಹೊದಿಸಿ ಮಲಗಿಸಿದ್ರೆ ಆಯ್ತಲ್ಲ. ನಮ್ಮನ್ನೆಲ್ಲ ಹಾಗೇ ತಾನೆ ಬೆಳೆಸಿದ್ದು. ಇಷ್ಟೊಂದು ಹೆದರಿಸಬೇಕಾ ಆಯಮ್ಮನ್ನ?

ರಾತ್ರಿ ಪಾಳಿ ಡಾಕ್ಟ್ರಮ್ಮ

ಇಲ್ಲ. ಮಲಗಿದ ಹಸುಗೂಸಿನ ಹತ್ತಿರ ಸಡಿಲವಾದ ಹೊದಿಕೆ, ದಿಂಬು ಬೇಡ ಅಂತ ಅಲ್ಲಿನ ಮಕ್ಕಳ ಡಾಕ್ಟರ್ ಮೊದಲ ದಿನವೇ ಹೇಳ್ತಾರೆ, ಅವರು ಹೇಳೋದು ಸರಿ. ಮುಖಕ್ಕೆ ಜಾರಿದ್ರೆ ಉಸಿರುಗಟ್ಟುತ್ತೆ. ಮಗು ಮೈಗೇ ಪದರ ಹಾಕಿ, ಚೀಲದಂಥ ಮಲಗುವ ಉಡುಪು ಸಿಗುತ್ತೆ ಅದನ್ನ ಹಾಕಿ, ಅಂಗಾತ ಮಲಗಿಸಿ. ಎಚ್ಚರ ಇದ್ದಾಗ ಅಮ್ಮನ ಎದೆಗೆ ಮೈಗೆ ಮೈ ತಾಗಿಸಿಕೊಂಡು, ಇಬ್ಬರ ಮೇಲೂ ಆ ಕರಿ ಕಂಬಳಿ ಹೊದ್ದುಕೊಳ್ಳಿ, ಮುಖ ಹೊರಗಿರಲಿ. ಅದಕ್ಕಿಂತ ಒಳ್ಳೆ ಹೀಟರ್ ಇಲ್ಲ. ಕುಲಾವಿ ಹೊರಗೆ ಕರ್ಕೊಂಡು ಹೋಗುವಾಗ ಹಾಕಿ, ಮಲಗಿದಾಗ ತೆಗೀರಿ.

ನಿಮ್ಮ ಯಜಮಾನರ ಮೇಲೂ ಒಂದು ಕಣ್ಣಿರಲಿ. ವಯಸ್ಸಾದವರಿಗೆ ಚಳಿ ಆಗ್ತಿರೋದೇ ತಡವಾಗಿ ಗೊತ್ತಾಗುತ್ತೆ. ಮೈ ಒಳಗಿನ ಉಷ್ಣತೆ 35ಕ್ಕಿಂತ ಇಳಿದ್ರೆ ಮಾತು ತೊದಲುತ್ತೆ, ಮಂಕಾಗ್ತಾರೆ, ಇನ್ನೂ ಇಳಿದ್ರೆ ನಡುಕ ನಿಂತುಹೋಗುತ್ತೆ. ನಡುಕ ನಿಂತಿದ್ದು ವಾಸಿಯಾಯ್ತು ಅಂತಲ್ಲ. "ಸ್ವಲ್ಪ ಬ್ರಾಂದಿ ಕುಡಿದ್ರೆ ಬೆಚ್ಚಗಾಗುತ್ತೆ" ಅನ್ನೋ ಸಲಹೆಗಾರರು ಎಲ್ಲ ಕಡೆ ಇರ್ತಾರೆ. ಕುಡಿದ್ರೆ ಚರ್ಮಕ್ಕೆ ರಕ್ತ ನುಗ್ಗಿ ಬೆಚ್ಚಗಾದ ಹಾಗೆ ಅನ್ನಿಸುತ್ತೆ, ಒಳಗಿನ ಶಾಖ ಹೊರಗೆ ಹೋಗ್ತಿರುತ್ತೆ. ಬೆರಳು ಮರಗಟ್ಟಿ ಬೆಳ್ಳಗಾದ್ರೆ ಉಜ್ಜಬೇಡಿ, ಉಗುರು ಬೆಚ್ಚಗಿನ ನೀರಲ್ಲಿ ಅದ್ದಿ.

ಕುಕ್ಕರಹಳ್ಳಿ ಸುತ್ತುವವ

ಟೆಕ್ಸಾಸ್ ಒಂದೇ ಅಲ್ಲ. 2025ರ ಜನವರಿ 21ಕ್ಕೆ ನ್ಯೂ ಆರ್ಲಿಯನ್ಸ್‌ನಲ್ಲಿ 8 ಇಂಚು ಹಿಮ ಬಿತ್ತು. ಅದು ತಾಳೆಮರ, ಬಾಳೆಗಿಡ ಬೆಳೆಯೋ ಊರು. ಹಿಮ ಬಾಚೋ ಗಾಡಿ ಇಲ್ಲದೆ ರಸ್ತೆ ಮುಚ್ಚಿ ಕೂತ್ರು. ಫ್ಲೋರಿಡಾದಲ್ಲಂತೂ ಚಳಿ ಜೋರಾದ್ರೆ ಇಗ್ವಾನಾ ಅನ್ನೋ ದೊಡ್ಡ ಓತಿಕ್ಯಾತಗಳು ಮರಗಟ್ಟಿ ಮರದಿಂದ ದೊಪ್ಪನೆ ಬೀಳ್ತವೆ. ಸತ್ತಿರಲ್ಲ, ಬಿಸಿಲೇರಿದ ಮೇಲೆ ಎದ್ದು ಹೋಗ್ತವೆ. 2020ರಲ್ಲಿ ಮಯಾಮಿ ಹವಾಮಾನ ಕಚೇರಿಯೇ "ಇಗ್ವಾನಾ ಬಿದ್ದಾವು ಹುಷಾರು" ಅಂತ ಹೇಳಿತ್ತು. ಮಾಗಿಯಲ್ಲಿ ನಮ್ಮ ವಾಕಿಂಗ್ ಗೆಳೆಯರು ಎಂಟು ಗಂಟೆವರೆಗೆ ಏಳೋದಿಲ್ಲ, ಅದೇ ಜಾತಿ.

ಒಂಟಿಕೊಪ್ಪಲ್ ಹುಡುಗ, ಈಗ ಆಸ್ಟಿನ್

ಗಾಡಿ ವಿಚಾರ ಬಿಟ್ಟಿದ್ದೆ. ಮಳೆ ಬಂದು ಆಮೇಲೆ ಚಳಿ ಇಳಿದ್ರೆ ರಸ್ತೆ ಮೇಲೆ ಕಣ್ಣಿಗೆ ಕಾಣದ ಗಾಜಿನ ಪದರ. ಸೇತುವೆ, ಫ್ಲೈಓವರ್ ಮೊದಲು ಹೆಪ್ಪುಗಟ್ಟುತ್ತೆ, ಅವಕ್ಕೆ ಕೆಳಗಿಂದಲೂ ತಣ್ಣನೆ ಗಾಳಿ, ನೆಲದ ಶಾಖ ಇಲ್ಲ. 2021ರ ಫೆಬ್ರವರಿ 11ಕ್ಕೆ ಫೋರ್ಟ್ ವರ್ತ್‌ನಲ್ಲಿ 130ಕ್ಕೂ ಹೆಚ್ಚು ಗಾಡಿ ಒಂದರ ಮೇಲೊಂದು ಬಿದ್ದು 6 ಜನ ಹೋದ್ರು. ಬ್ರೇಕ್ ಒತ್ತಿದವರೇ ಜಾರಿದ್ದು. ಹೆರಿಗೆ ದಿನ ಅಂಥ ಮುನ್ಸೂಚನೆ ಇದ್ರೆ ಹಿಂದಿನ ದಿನವೇ ಆಸ್ಪತ್ರೆಗೆ ಫೋನ್ ಮಾಡಿ ಏನು ಮಾಡೋದು ಕೇಳಿ, ಹತ್ತಿರದ ಗೆಳೆಯರ ಮನೆಗೆ ಹೋಗಿರಿ.

ನಾನು ಮಾಡಿದ ದಡ್ಡತನ: ಕಾರಿನ ಮುಂಗಾಜಿನ ಮೇಲೆ ಹೆಪ್ಪುಗಟ್ಟಿತ್ತು, ಒಂದು ಚೊಂಬು ಬಿಸಿನೀರು ಸುರಿದೆ. ಟಪ್ ಅಂತ ಒಂದು ಗೆರೆ ಈ ಕಡೆಯಿಂದ ಆ ಕಡೆಗೆ ನಡೆದುಕೊಂಡು ಹೋಯ್ತು.

2021ರಲ್ಲೇ ಕಾನೂನು ಮಾಡಿ ಸ್ಥಾವರಗಳನ್ನ ಚಳಿಗೆ ಸಜ್ಜು ಮಾಡಿಸಿದ್ದಾರೆ. ಗ್ರಿಡ್ ಸುಧಾರಿಸಿದೆ. ಆದ್ರೆ 2023ರ ಫೆಬ್ರವರಿ ಶುರುವಿನಲ್ಲಿ ನಮ್ಮ ಬೀದೀಲಿ ಮತ್ತೆ ಕರೆಂಟ್ ಹೋಯ್ತು. ಆ ಸಲ ಗ್ರಿಡ್ ಗಟ್ಟಿಯಾಗೇ ಇತ್ತು, ಎಲೆ ಉದುರಿಸದ ಓಕ್ ಮರಗಳ ಮೇಲೆ ಐಸ್ ಕೂತು ಕೊಂಬೆಗಳು ರಾತ್ರಿಯಿಡೀ ಗುಂಡು ಹೊಡೆದ ಹಾಗೆ ಮುರಿದು ತಂತಿ ಮೇಲೆ ಬಿದ್ದವು. ಹಾಗಾಗಿ ಮೂರು ದಿನದ ನೀರು, ಒಲೆ ಇಲ್ಲದೆ ತಿನ್ನೋದು, ಟಾರ್ಚ್, ಪವರ್ ಬ್ಯಾಂಕ್, ಬಿಪಿ ಮಾತ್ರೆ ಇಟ್ಕೊಳ್ಳಿ. ಮುನ್ಸೂಚನೆ ಬಂದ ದಿನವೇ ಬಾತ್‌ಟಬ್ ತುಂಬಿಸಿ. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ ತನ್ನಿ. ತಣ್ಣೀರಲ್ಲಿ ನೆನೆಸಿದ ಗೊಜ್ಜವಲಕ್ಕಿ ತಿಂದು ನಾನು ಎರಡು ದಿನ ಕಳೆದೆ, ಅದರ ಮೇಲೆ ಈಗಲೂ ಗೌರವ ಇದೆ.

ಅಜ್ಜಿ ಆಗಲಿರುವವಳು, ಸರಸ್ವತಿಪುರಂ

ನಾಲ್ಕು ದಿನ ಆಯ್ತು ನಾನು ಬರೆದು. ಮಗಳಿಗೆ ನೀರಿನ ವಾಲ್ವ್ ಎಲ್ಲಿ ಅಂತ ಕೇಳಿದೆ. 7 ವರ್ಷದಿಂದ ಇರೋ ಮನೆ, ಗೊತ್ತಿಲ್ಲ ಅಂದ್ಲು. ಅಳಿಯ ಟಾರ್ಚ್ ಹಿಡ್ಕೊಂಡು ಹುಡುಕಿದ್ರು. ಅಂಗಳದ ಹುಲ್ಲಲ್ಲಿ ಒಂದು ಮುಚ್ಚಳ, ಹುಲ್ಲು ಬೆಳೆದು ಮುಚ್ಚಿಹೋಗಿತ್ತಂತೆ. ತೆಗೆದು ಫೋಟೋ ಕಳಿಸಿದ್ರು: ತರಗೆಲೆ, ಒಂದು ಜೇಡ, ಅದರಡಿ ತುಕ್ಕು ಹಿಡಿದ ವಾಲ್ವ್. ಕೈಯಲ್ಲಿ ತಿರುಗಲಿಲ್ಲ, ಅದಕ್ಕೆ ಉದ್ದನೆ ಕೀಲಿ ಬೇಕಂತೆ, ತಂದು ಬಾಗಿಲ ಹಿಂದೆ ತೂಗುಹಾಕಿದ್ದಾರೆ. ಮೇಸ್ತ್ರಿಯವರೇ, ನಿಮಗೆ ಅಂತ ಆ ಫೋಟೋ ಹಾಕಿದ್ದೀನಿ.

ಅಲಾರಂ ಎರಡು ತಂದ್ರಂತೆ. ಮಗೂಗೆ ಸಾಂಬ್ರಾಣಿ ಹಾಕದೆ ಸ್ನಾನ ಹೇಗೆ ಮಾಡಿಸೋದು ಅಂತ ಮನಸ್ಸಿಗೆ ಇನ್ನೂ ಒಗ್ಗಿಲ್ಲ. ಆದ್ರೂ ಅಗ್ಗಿಷ್ಟಿಕೆ ಸೂಟ್‌ಕೇಸಿಂದ ತೆಗೆದು ತುಳಸಿಕಟ್ಟೆ ಪಕ್ಕ ಇಟ್ಟೆ. ಒಂದೂಕಾಲು ಕೆಜಿ ಉಳೀತು. ಆ ಜಾಗಕ್ಕೆ ಅವಲಕ್ಕಿ.

ರೇಷ್ಮೆ ಗೂಡು, ಮದ್ದೂರ್ ತಾವ

ಅವಲಕ್ಕಿ ಜೊತೆ ಬೆಲ್ಲ ಬ್ಯಾಡ್ವಾ ಅಕ್ಕ? ಆಲೆಮನೆ ನಡೀತಾ ಅದೆ ನಮ್ಮೂರಲ್ಲಿ. ಅಚ್ಚು ಕಳ್ಸ್ಲಾ?

ಅಜ್ಜಿ ಆಗಲಿರುವವಳು, ಸರಸ್ವತಿಪುರಂ

ಎರಡಚ್ಚು ಸಾಕಪ್ಪ, ತೂಕ ಜಾಸ್ತಿಯಾಗುತ್ತೆ. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ.